ಬಯೋಸ್ ಅಪ್‌ಡೇಟ್ ಕೆಡಿಸಿದ ಲ್ಯಾಪ್‌ಟಾಪ್: ಮದರ್‌ಬೋರ್ಡ್ ಬದಲಿಸಲು ನನ್ನ ಒಪ್ಪಿಗೆ ಇಲ್ಲ

ಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: ನಿಮ್ಮ ಬಯೋಸ್ ಅಪ್‌ಡೇಟ್ ಅರ್ಧಕ್ಕೆ ನಿಂತು ಆನ್ ಆಗದಿರುವ ಲ್ಯಾಪ್‌ಟಾಪ್; ಸೇವಾ ಕೇಂದ್ರದ ಅಂದಾಜು ಪಟ್ಟಿಗೆ ಆಕ್ಷೇಪಣೆ.

ಮಾನ್ಯರೇ,

ನಿಮ್ಮ ಸೇವಾ ಕೇಂದ್ರದವರು ಕಳಿಸಿದ ಅಂದಾಜು ಪಟ್ಟಿ ಕೈಸೇರಿದೆ. ಮದರ್‌ಬೋರ್ಡ್ ಕೆಟ್ಟಿದೆ, ಬದಲಿಸಬೇಕು, ವಾರಂಟಿ ಮುಗಿದಿದೆ, ಖರ್ಚು ನಿಮ್ಮದು ಎಂದು ಅದರಲ್ಲಿ ಬರೆದಿದ್ದಾರೆ. ಇವುಗಳಲ್ಲಿ ವಾರಂಟಿ ಮುಗಿದಿದೆ ಎನ್ನುವುದೊಂದೇ ನಿಜ.

ಲ್ಯಾಪ್‌ಟಾಪ್ ಜೊತೆಗೇ ಬಂದ ನಿಮ್ಮ ಅಪ್‌ಡೇಟ್ ತಂತ್ರಾಂಶವೇ ಬಯೋಸ್‌ನ (ಯಂತ್ರ ಆನ್ ಆದೊಡನೆ ಮೊದಲು ಓಡುವ ತಂತ್ರಾಂಶದ) ಹೊಸ ಆವೃತ್ತಿಗೆ ‘ತುರ್ತು’ ಎಂಬ ಗುರುತು ಹಾಕಿ ನನ್ನ ಮುಂದಿಟ್ಟಿತು. ನಾನು ಎಲ್ಲಿಂದಲೋ ಹುಡುಕಿ ತಂದ ಫೈಲ್ ಅಲ್ಲ ಅದು. ಚಾರ್ಜರ್ ಸಿಕ್ಕಿಸಿತ್ತು, ಬ್ಯಾಟರಿಯೂ ತುಂಬಿತ್ತು. ಅವೆರಡೂ ಇಲ್ಲದಿದ್ದರೆ ನಿಮ್ಮ ತಂತ್ರಾಂಶ ಮುಂದಕ್ಕೆ ಹೋಗುವುದೇ ಇಲ್ಲ. ಹಾಗಾಗಿ ‘ಮಧ್ಯೆ ಕರೆಂಟ್ ಹೋಗಿರಬೇಕು’ ಎಂಬ ಕೌಂಟರಿನವರ ಊಹೆಯನ್ನು ದಯವಿಟ್ಟು ಕಡತದಿಂದ ತೆಗೆಸಿ. ಯಂತ್ರ ತಾನಾಗಿ ರೀಸ್ಟಾರ್ಟ್ ಆಯಿತು, ಪ್ರಗತಿ ತೋರಿಸುವ ಪಟ್ಟಿ ಅರ್ಧದಷ್ಟು ತುಂಬಿ ಅಲ್ಲೇ ನಿಂತಿತು, ಆಮೇಲೆ ಪರದೆ ಕಪ್ಪಾಯಿತು. ಅಂದಿನಿಂದ ಪವರ್ ಬಟನ್ ಒತ್ತಿದರೆ ಫ್ಯಾನ್ ಒಂದು ಕ್ಷಣ ತಿರುಗಿ ನಿಲ್ಲುತ್ತದೆ, ಕ್ಯಾಪ್ಸ್ ಲಾಕ್ ದೀಪ ಮಿಣುಕುತ್ತದೆ. ಅಷ್ಟೇ. ನಿಮ್ಮ ಲೋಗೋ ಕೂಡ ಬರುವುದಿಲ್ಲ.

ಸಹಾಯವಾಣಿಯವರು ಬ್ಯಾಟರಿ ಕಳಚಿ ಪವರ್ ಬಟನ್ ಒತ್ತಿ ಹಿಡಿಯಿರಿ ಎಂದರು. ಅದಾದ ಮೇಲೆ ಗಡಿಯಾರ ಮತ್ತು ಸೆಟ್ಟಿಂಗ್‌ಗಳನ್ನು ಉಳಿಸುವ ಪುಟ್ಟ ಸಿಮಾಸ್ ಬ್ಯಾಟರಿಯನ್ನು ತೆಗೆದು ಮತ್ತೆ ಹಾಕಿ ಎಂದರು. ಎರಡನ್ನೂ ಮಾಡಿದೆ. ಆದರೆ ಇದರಿಂದ ಅಳಿಯುವುದು ಗಡಿಯಾರ, ಬೂಟ್ ಕ್ರಮದಂಥ ಸೆಟ್ಟಿಂಗ್‌ಗಳು ಮಾತ್ರ. ಬಯೋಸ್ ಇರುವುದು ಕರೆಂಟ್ ಇಲ್ಲದಿದ್ದರೂ ಬರೆದದ್ದನ್ನು ಉಳಿಸಿಕೊಳ್ಳುವ ಫ್ಲ್ಯಾಶ್ ಚಿಪ್‌ನಲ್ಲಿ. ಅಲ್ಲಿ ಅರ್ಧ ಬರೆದು ಬಿಟ್ಟದ್ದು ಯಾವ ಬ್ಯಾಟರಿ ಕಿತ್ತರೂ ಪೂರ್ತಿಯಾಗುವುದಿಲ್ಲ. ಇದು ಫೋನ್ ಎತ್ತಿಕೊಂಡವರಿಗೆ ಗೊತ್ತಿರದಿದ್ದರೆ ತಪ್ಪು ಅವರದ್ದಲ್ಲ, ಹೀಗೆ ಹೇಳಿ ಎಂದು ಅವರ ಕೈಗೆ ಚೀಟಿ ಕೊಟ್ಟವರದ್ದು.

ಇನ್ನು ನಿಮ್ಮ ಕೈಪಿಡಿ ಹೇಳುವ ರಿಕವರಿ ವಿಧಾನ. ಪೆನ್‌ಡ್ರೈವನ್ನು ಫ್ಯಾಟ್32 ಎಂಬ ಕಡತ ವ್ಯವಸ್ಥೆಗೆ ಫಾರ್ಮ್ಯಾಟ್ ಮಾಡಿ, ರಿಕವರಿ ಫೈಲ್ ಹಾಕಿ, ಹೇಳಿದ ಕೀಗಳನ್ನು ಒತ್ತಿ ಹಿಡಿದು ಆನ್ ಮಾಡಬೇಕಂತೆ. ಸರಿ, ಆ ಫೈಲ್ ಎಲ್ಲಿ? ನಿಮ್ಮ ತಾಣದಲ್ಲಿ ಸಿಗುವುದು ವಿಂಡೋಸ್‌ನಲ್ಲಿ ಓಡಿಸಬೇಕಾದ ಇನ್‌ಸ್ಟಾಲರ್. ಬೇರೆ ಕಂಪ್ಯೂಟರಿನಲ್ಲಿ ಓಡಿಸಿದರೆ ‘ಈ ಮಾದರಿಗೆ ಹೊಂದುವುದಿಲ್ಲ’ ಎಂದು ಮುಚ್ಚಿಕೊಳ್ಳುತ್ತದೆ. ಅಂದರೆ ಸತ್ತ ಲ್ಯಾಪ್‌ಟಾಪನ್ನು ಬದುಕಿಸುವ ಫೈಲ್ ಬೇಕಿದ್ದರೆ ಅದೇ ಮಾದರಿಯ ಬದುಕಿರುವ ಲ್ಯಾಪ್‌ಟಾಪ್ ಇನ್ನೊಂದು ಇರಬೇಕು! ಖರೀದಿಸುವಾಗ ನಿಮ್ಮ ಕರಪತ್ರದಲ್ಲಿ ‘ತಾನೇ ಚೇತರಿಸಿಕೊಳ್ಳುವ ಬಯೋಸ್’ ಎಂದು ಓದಿದ ನೆನಪು ಚೆನ್ನಾಗಿದೆ. ಫರ್ಮ್‌ವೇರ್ (ಬಯೋಸ್‌ನಂತೆ ಚಿಪ್‌ನಲ್ಲೇ ಕೂತಿರುವ ತಂತ್ರಾಂಶ) ಕೆಟ್ಟರೆ ಅದನ್ನು ಪತ್ತೆಹಚ್ಚಿ ಸರಿಯಾದ ಪ್ರತಿಗೆ ಮರಳುವ ವ್ಯವಸ್ಥೆ ಯಂತ್ರದಲ್ಲಿರಬೇಕು ಎಂದು ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2018ರಲ್ಲೇ ಎಸ್‌ಪಿ 800-193 ಎಂಬ ಮಾರ್ಗಸೂಚಿಯಲ್ಲಿ ಹೇಳಿತ್ತು. ಹೊಸ ಮಾತೇನಲ್ಲ. ನೀವು ಜಾಹೀರಾತು ಮಾಡಿದ ಆ ವ್ಯವಸ್ಥೆ ನನ್ನ ಯಂತ್ರದಲ್ಲಿ ಏಕೆ ಏಳಲಿಲ್ಲ ಎಂಬುದಕ್ಕೆ ಉತ್ತರ ಬೇಕು.

ಈಗ ಮುಖ್ಯ ವಿಚಾರ. ಬೋರ್ಡ್ ಸುಟ್ಟಿಲ್ಲ, ನೀರು ಬಿದ್ದಿಲ್ಲ. ಎಂಟು ಕಾಲಿನ ಒಂದು ಪುಟ್ಟ ಚಿಪ್‌ನೊಳಗೆ ಇರಬೇಕಾದ ಕೆಲವು ಮೆಗಾಬೈಟ್ ಬರಹ ಕೆಟ್ಟಿದೆ. ಪ್ರೋಗ್ರಾಮರ್ ಎಂಬ ಸಾಧನದ ಕ್ಲಿಪ್ಪನ್ನು ಆ ಚಿಪ್ಪಿಗೆ ಕಚ್ಚಿಸಿ ಸರಿಯಾದ ಇಮೇಜ್, ಅಂದರೆ ಬಯೋಸ್‌ನ ಪೂರ್ಣ ಪ್ರತಿ, ಬರೆದರೆ ಸಾಕು. ಬೀಗ ತೆರೆಯುತ್ತಿಲ್ಲವೆಂದು ಮನೆಯನ್ನೇ ಕೆಡವಿ ಕಟ್ಟಿಕೊಡುತ್ತೇನೆ ಎನ್ನುವಂತಿದೆ ನಿಮ್ಮ ಅಂದಾಜು ಪಟ್ಟಿ.

ಹಾಗಾದರೆ ಹೊರಗಿನ ರಿಪೇರಿಯವರ ಹತ್ತಿರ ಮಾಡಿಸಿಕೊಳ್ಳಬಾರದೇಕೆ ಎಂದು ನೀವು ಕೇಳಬಹುದು. ಇತ್ತೀಚಿನ ಹಲವು ಚಿಪ್‌ಗಳು 1.8 ವೋಲ್ಟಿನವು, 3.3 ವೋಲ್ಟ್ ಕೊಡುವ ಅಗ್ಗದ ಪ್ರೋಗ್ರಾಮರ್ ಸಿಕ್ಕಿಸಿದರೆ ಚಿಪ್ಪೇ ಹೋಗಬಹುದು. ಅದೇ ಚಿಪ್‌ನಲ್ಲಿ ಬಯೋಸ್ ಜೊತೆಗೆ ಸೀರಿಯಲ್ ಸಂಖ್ಯೆ, ವಿಂಡೋಸ್ ಪರವಾನಗಿಯ ಕೀ ಮುಂತಾದ ಆ ಯಂತ್ರಕ್ಕೇ ಸೇರಿದ ವಿವರಗಳೂ ಇರುತ್ತವೆ. ಹಳೆಯದನ್ನು ಓದಿ ಎತ್ತಿಟ್ಟುಕೊಳ್ಳದೆ ಮೇಲೆ ಬರೆದರೆ ಅವೆಲ್ಲ ಅಳಿಯುತ್ತವೆ. ಬಯೋಸ್‌ನ ಡಿಜಿಟಲ್ ಸಹಿಯನ್ನು ಪರೀಕ್ಷಿಸುವ ಬೂಟ್ ಗಾರ್ಡ್ ಇರುವ ಯಂತ್ರದಲ್ಲಿ ನಿಮ್ಮ ಸಹಿ ಇಲ್ಲದ ಇಮೇಜನ್ನು ಪ್ರೊಸೆಸರ್ ಒಪ್ಪುವುದೂ ಇಲ್ಲ. ಬೀಗದ ಕೈ ನಿಮ್ಮ ಬಳಿಯೇ ಇಟ್ಟುಕೊಂಡಿದ್ದೀರಿ. ತೆರೆಯುವ ಹೊಣೆಯೂ ನಿಮ್ಮದೇ.

ಬೋರ್ಡ್ ಬದಲಾವಣೆಯನ್ನು ನಾನು ಇಷ್ಟು ವಿರೋಧಿಸಲು ಹಣವೊಂದೇ ಕಾರಣವಲ್ಲ. ಈ ಮಾದರಿಯಲ್ಲಿ ಫೈಲ್‌ಗಳಿರುವ ಎಸ್‌ಎಸ್‌ಡಿಯನ್ನು ಬೋರ್ಡಿಗೇ ಬೆಸುಗೆ ಹಾಕಿದ್ದೀರಿ. ಬೋರ್ಡ್ ಹೋದರೆ ಫೈಲ್‌ಗಳೂ ಅದರ ಜೊತೆಗೇ ಹೋಗುತ್ತವೆ. ಬ್ಯಾಕಪ್ ನನ್ನ ಬಳಿ ಇದೆ, ಆದರೆ ಅದು ಕೊನೆಯ ಕೆಲವು ದಿನಗಳ ಕೆಲಸವನ್ನು ಒಳಗೊಂಡಿಲ್ಲ. ಮೇಲಾಗಿ ನನ್ನ ದಾಖಲೆಗಳಿರುವ ಹಳೆಯ ಬೋರ್ಡ್ ಯಾರ ಕೈ ಸೇರುತ್ತದೆ ಎಂದು ಕೇಳಿದರೆ ‘ಅದು ಕಂಪನಿಗೆ ವಾಪಸ್ ಹೋಗುತ್ತದೆ’ ಎನ್ನುತ್ತಾರೆ. ಡೇಟಾಗೆ ನಾವು ಜವಾಬ್ದಾರರಲ್ಲ ಎಂಬ ನಿಮ್ಮ ನಮೂನೆಗೆ ನಾನು ಸಹಿ ಹಾಕಿಲ್ಲ, ಹಾಕುವುದೂ ಇಲ್ಲ.

ಇನ್ನೊಂದು ವಿಷಯವನ್ನು ನೀವು ಹೇಳದಿದ್ದರೂ ನಾನು ಗಮನಿಸಿದ್ದೇನೆ. ನನ್ನ ದೂರು ದಾಖಲಾದ ಮೇಲೆ ಆ ಬಯೋಸ್ ಆವೃತ್ತಿ ನಿಮ್ಮ ಡೌನ್‌ಲೋಡ್ ಪುಟದಿಂದ ಸದ್ದಿಲ್ಲದೆ ಮಾಯವಾಗಿದೆ, ಅದರ ಜಾಗದಲ್ಲಿ ಹಿಂದಿನ ಆವೃತ್ತಿ ಬಂದು ಕೂತಿದೆ. ಪ್ರಕಟಣೆ ಇಲ್ಲ, ವಿವರಣೆ ಇಲ್ಲ. ಎರಡೂ ಪುಟಗಳ ಚಿತ್ರ ಈ ಪತ್ರದೊಂದಿಗಿದೆ. ಅಪ್‌ಡೇಟ್ ಸರಿಯಾಗಿಯೇ ಇದ್ದಿದ್ದರೆ ಹಿಂತೆಗೆದದ್ದೇಕೆ? ದೋಷವಿತ್ತು ಎಂದಾದರೆ ವಾರಂಟಿಯ ಮಾತು ಇಲ್ಲಿ ಬರುವುದೇ ಇಲ್ಲ. ಯಂತ್ರ ಹಳೆಯದಾಗಿ ಕೆಟ್ಟದ್ದಲ್ಲ, ನೀವು ಹೊಸದಾಗಿ ಕಳಿಸಿದ್ದರಿಂದ ಕೆಟ್ಟದ್ದು.

ಆದ್ದರಿಂದ ಚಿಪ್‌ನಲ್ಲಿ ಈಗಿರುವುದನ್ನು ಮೊದಲು ಓದಿ ಉಳಿಸಿಕೊಂಡು, ಬಯೋಸ್ ಭಾಗವನ್ನು ಮಾತ್ರ ಶುಲ್ಕವಿಲ್ಲದೆ ಮತ್ತೆ ಬರೆಸಿಕೊಡಿ. ಯಂತ್ರ ಎದ್ದ ಮೇಲೆ, ಡಿಸ್ಕನ್ನು ಗೂಢಲಿಪಿಯಲ್ಲಿಡುವ ವಿಂಡೋಸ್‌ನ ಬಿಟ್‌ಲಾಕರ್ ತನ್ನ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದು ನನ್ನ ಬಳಿ ಇದೆ. ತಂತ್ರಜ್ಞರು ಆ ಪರದೆಯಲ್ಲೇ ನಿಲ್ಲಿಸಿ ನನಗೆ ತಿಳಿಸಲಿ; ‘ರೀಸೆಟ್ ಮಾಡಿ ಕೊಡುತ್ತೇವೆ’ ಎಂಬ ಉಪಕಾರ ಬೇಡ. ಚಿಪ್ ಬರೆದರೂ ಯಂತ್ರ ಏಳದಿದ್ದರೆ ಯಾವ ಭಾಗ ಕೆಟ್ಟಿದೆ, ಯಾವ ಪರೀಕ್ಷೆಯಿಂದ ತಿಳಿಯಿತು ಎಂದು ಬರೆದು ಕೊಡಿ. ಇದೇ ಮಾದರಿ ಇಟ್ಟುಕೊಂಡಿರುವ ಉಳಿದವರಿಗೂ ಒಂದು ಎಚ್ಚರಿಕೆ ಕಳಿಸಿ, ಪೆನ್‌ಡ್ರೈವಿಗೆ ನೇರವಾಗಿ ಹಾಕಬಹುದಾದ ರಿಕವರಿ ಫೈಲನ್ನು ತಾಣದಲ್ಲಿ ಇಡಿ.

ಹದಿನೈದು ದಿನಗಳೊಳಗೆ ಲಿಖಿತ ಉತ್ತರ ನಿರೀಕ್ಷಿಸುತ್ತೇನೆ. ಅದು ಬಾರದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗುವಾಗ ಈ ಪತ್ರವೇ ಮೊದಲ ದಾಖಲೆಯಾಗುತ್ತದೆ. ಅಲ್ಲಿಯವರೆಗೆ ನನ್ನ ಲಿಖಿತ ಒಪ್ಪಿಗೆ ಇಲ್ಲದೆ ಬೋರ್ಡನ್ನು ಬದಲಿಸುವುದಾಗಲಿ, ಹಿಂದಕ್ಕೆ ಕಳಿಸುವುದಾಗಲಿ ಕೂಡದು ಎಂದು ಸೇವಾ ಕೇಂದ್ರಕ್ಕೆ ಇಂದೇ ಸೂಚಿಸಿ.

ಇತಿ,
ನಿಮ್ಮ ಗ್ರಾಹಕ

ಲಗತ್ತು: ಖರೀದಿ ರಸೀದಿ, ಅಂದಾಜು ಪಟ್ಟಿಯ ಪ್ರತಿ, ಡೌನ್‌ಲೋಡ್ ಪುಟದ ಎರಡು ಚಿತ್ರಗಳು, ಮಿಣುಕುವ ದೀಪದ ವಿಡಿಯೋ.