ಆ ಸೈಕಲ್ ಮಾರಬೇಡ

ಚಿತ್ರದುರ್ಗ
ಭಾನುವಾರ ಸಂಜೆ

ಚಿ. ಅಳಿಯನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮ ಮನೆಯ ಸಮಾಚಾರ ಅಕ್ಕನ ಫೋನಿನಿಂದ ತಿಳಿಯುತ್ತಲೇ ಇದೆ.

ನಿನ್ನೆ ಅಕ್ಕ ಫೋನಿನಲ್ಲಿ ಇನ್ನೊಂದು ವಿಷಯ ಹೇಳಿದಳು. ನಾಲ್ಕು ತಿಂಗಳ ಹಿಂದೆ ನಿನ್ನ ಸ್ವಂತ ದುಡ್ಡಿನಲ್ಲಿ ಕೊಂಡ ರೋಡ್ ಬೈಕನ್ನು ಮಾರಿ, ಕಂತಿನ ಮೇಲೆ ಕಾರ್ಬನ್ ನಾರಿನ ಚೌಕಟ್ಟಿನ ಹಗುರ ಸೈಕಲ್ ತರುವ ಯೋಚನೆ ಮಾಡಿದ್ದೀಯಂತೆ. ಜೊತೆಗೆ ಬರುವ ಹುಡುಗರು ನಿನ್ನ ಸೈಕಲ್ ಎತ್ತಿ ನೋಡಿ "ಎಷ್ಟು ವಜ್ಜೆ ಐತಲೇ ಇದು" ಅಂದರಂತೆ. ಅದು ನಿನ್ನ ಮನಸ್ಸಿಗೆ ನಾಟಿದೆ ಎಂದು ಕೇಳಿ ನನಗೂ ಸಂಕಟವಾಯಿತು. ಆರು ವರ್ಷದಿಂದ ನಾನು ಓಡಿಸುತ್ತಿರುವುದೂ ಅದೇ ದರ್ಜೆಯ ಸೈಕಲ್. ಅದರ ಒಳ್ಳೆಯದು ಕೆಟ್ಟದು ಎರಡನ್ನೂ ಕೈಯಾರೆ ಬಿಚ್ಚಿ ನೋಡಿದವನು ನಾನು. ಫೋನಿನಲ್ಲಿ ಹೇಳಿದರೆ ಹತ್ತು ನಿಮಿಷದಲ್ಲಿ ಮರೆಯುತ್ತೀಯ, ಅದಕ್ಕೇ ಬರೆಯಲು ಕೂತೆ.

ಮೊದಲು ತೂಕದ ಲೆಕ್ಕ ನೋಡೋಣ. ನಿನ್ನ ಸೈಕಲ್ ಹನ್ನೊಂದು ಕೆ.ಜಿ., ಆ ಹುಡುಗರ ಕಾರ್ಬನ್ ಸೈಕಲ್ ಎಂಟು. ನೀನು 65 ಕೆ.ಜಿ. ಏರಿನಲ್ಲಿ ನಿನ್ನ ಕಾಲು ಎತ್ತಬೇಕಾದದ್ದು ನಿನ್ನನ್ನೂ ಸೈಕಲನ್ನೂ ಸೇರಿಸಿ 76 ಕೆ.ಜಿ. ಅದರಲ್ಲಿ ಮೂರು ಕೆ.ಜಿ. ಇಳಿದರೆ ನೂರಕ್ಕೆ ನಾಲ್ಕು ಪಾಲು ಹಗುರವಾಯಿತು. ಇಲ್ಲಿಯ ಜೋಗಿಮಟ್ಟಿ ಗುಡ್ಡ ಹತ್ತಲು ನನಗೆ ಒಂದು ಗಂಟೆ ಹಿಡಿಯುತ್ತದೆ. ಅಷ್ಟು ಸಾಲ ಮಾಡಿದರೆ ಅದರಲ್ಲಿ ಉಳಿಯುವುದು ಎರಡೂವರೆ ನಿಮಿಷ. ಸಮತಟ್ಟಾದ ರಸ್ತೆಯಲ್ಲಿ ಅಷ್ಟೂ ಉಳಿಯುವುದಿಲ್ಲ, ಅಲ್ಲಿ ನಿನ್ನನ್ನು ಹಿಡಿದು ನಿಲ್ಲಿಸುವುದು ಗಾಳಿ.

ಆಷಾಢದಲ್ಲಿ ನೀನು ಇಲ್ಲಿಗೆ ತುಳಿದುಕೊಂಡು ಬಂದ ದಿನ ನೆನಪಿಸಿಕೊ. ನಿಮ್ಮ ದಾವಣಗೆರೆ ಇರುವುದು 600 ಮೀಟರ್ ಎತ್ತರದಲ್ಲಿ, ದುರ್ಗ 730ರ ಆಸುಪಾಸು. ಅಂದರೆ ಆನಗೋಡು, ಭರಮಸಾಗರ ದಾಟಿ ಬರುವ ಆ 60 ಕಿ.ಮೀ. ಒಟ್ಟಾರೆ ಏರುದಾರಿಯೇ. ಆದರೂ ನೀನು ಎರಡೂವರೆ ಗಂಟೆಯಲ್ಲಿ ನಗುನಗುತ್ತಾ ಬಂದು ಬಾಗಿಲು ತಟ್ಟಿದೆ. ಮಾರನೆಯ ದಿನ ಇಳಿಜಾರಿನ ಕಡೆಗೆ ಹೋಗುವಾಗ ನಾಲ್ಕು ಗಂಟೆ ಹಿಡಿಯಿತು, ಮನೆ ಮುಟ್ಟಿ "ಮಾವ, ಸೈಕಲ್ಲೇ ಸರಿಯಿಲ್ಲ" ಅಂದೆ. ಸೈಕಲ್ ಎರಡೂ ದಿನ ಅದೇ ಇತ್ತು. ಬರುವಾಗ ಪಡುವಣ ಗಾಳಿ ನಿನ್ನ ಬೆನ್ನಿಗಿತ್ತು, ಹೋಗುವಾಗ ಎದೆಗೆ ಬಡಿಯಿತು. ನಮ್ಮ ಗುಡ್ಡದ ಮೇಲೆ ಆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಇದೇ ಗಾಳಿಯನ್ನು ನಂಬಿ. ಮುಂದಿನ ಆಷಾಢದಲ್ಲಿ ಮೊದಲು ಹರಿಹರದ ಕಡೆಗೆ ತುಳಿ. ಮೈಯಲ್ಲಿ ಕಸುವಿದ್ದಾಗ ಎದುರುಗಾಳಿ ತಿಂದುಬಿಡು, ದಣಿದ ಮೇಲೆ ಅದೇ ಗಾಳಿ ನಿನ್ನನ್ನು ಮನೆಗೆ ತಂದು ಬಿಡುತ್ತದೆ. ಎದುರುಗಾಳಿಯಲ್ಲಿ ಹ್ಯಾಂಡಲಿನ ಕೆಳಗಿನ ಬಾಗು ಹಿಡಿದು ಮೈ ತಗ್ಗಿಸು, ಆ ಬಾಗು ಇರುವುದೇ ಅದಕ್ಕೆ. ನಿನ್ನ ಸೈಕಲ್ಲಿನಲ್ಲಿ ಗೇರ್ ಬದಲಿಸುವ ಹೆಬ್ಬೆರಳ ಗುಂಡಿ ಮೇಲ್ಗಡೆ ಇದೆ, ಬಾಗಿನಿಂದ ಎಟುಕುವುದಿಲ್ಲ. ಅದು ಕಡಿಮೆ ಬೆಲೆಯ ಗೇರಿನ ನಿಜವಾದ ಕೊರತೆ, ಒಪ್ಪುತ್ತೇನೆ. ಬಗ್ಗುವ ಮೊದಲೇ ಗೇರ್ ಹಾಕಿಕೊಳ್ಳುವ ಅಭ್ಯಾಸ ನನಗೆ ತಿಂಗಳೊಪ್ಪತ್ತಿನಲ್ಲಿ ಬಂತು.

ಇಂಥ ಸೈಕಲ್ಲಿನಲ್ಲಿ ಚೌಕಟ್ಟು ಚೆನ್ನಾಗಿರುತ್ತದೆ. ಬೆಲೆ ಇಳಿಸಿರುವುದು ಬೇರೆ ಜಾಗಗಳಲ್ಲಿ, ಅವನ್ನು ನೀನು ಗುರುತು ಹಿಡಿದಿರಬೇಕು. ಬ್ರೇಕ್ ರಬ್ಬರ್ ಅಂಥ ಒಂದು ಜಾಗ. ನನ್ನದರ ಜೊತೆ ಬಂದದ್ದು ಕಲ್ಲಿನ ಹಾಗಿತ್ತು. ಜೋಗಿಮಟ್ಟಿಯಿಂದ ಇಳಿಯುವಾಗ ತುಂತುರು ಮಳೆಯಲ್ಲಿ ಎರಡೂ ಹಿಡಿಕೆ ಅದುಮಿದರೂ ಸೈಕಲ್ ತಿರುವಿನ ಅಂಚಿನವರೆಗೆ ಹೋಗಿ ನಿಂತಿತು. ಆ ದಿನ ಕೈ ನಡುಗಿದ್ದು ಮನೆಗೆ ಬಂದ ಮೇಲೂ ನಿಲ್ಲಲಿಲ್ಲ. ಕೆಲವೇ ನೂರು ರೂಪಾಯಿಗೆ ಮೆತ್ತನೆಯ ಒಳ್ಳೆ ರಬ್ಬರ್ ಸಿಗುತ್ತದೆ. ಬೇರೆ ಏನು ಕೊಳ್ಳುವುದಕ್ಕೂ ಮೊದಲು ಅದನ್ನು ಹಾಕಿಸು.

ಇನ್ನೊಂದು ಜಾಗ ಹಿಂದಿನ ಚಕ್ರದ ಎಕ್ಸೆಲ್. ಏಳು ಹಲ್ಲಿನಗಾಲಿಯ ನಿನ್ನ ಫ್ರೀವೀಲ್, ಚಕ್ರದ ನಡುವಿನ ಹಬ್‌ಗೆ ತಿರುಪಿನ ಮೇಲೆ ಕೂರುತ್ತದೆ. ಅದಕ್ಕೆ ಜಾಗ ಬಿಡಲು ಬಲಗಡೆಯ ಬೇರಿಂಗ್ ಗುಂಡುಗಳು ಒಳಕ್ಕೆ ಸರಿದಿರುತ್ತವೆ. ಗುಂಡುಗಳಿಂದ ಚೌಕಟ್ಟಿನವರೆಗೆ ಎಕ್ಸೆಲ್‌ಗೆ ಆಸರೆ ಇಲ್ಲ. ರಸ್ತೆಯ ಗುಂಡಿಯೊಳಗೆ ಧಡ್ ಎಂದು ಇಳಿಸುತ್ತಾ ಹೋದರೆ ಅದು ಬಾಗುತ್ತದೆ, ಕೊನೆಗೆ ಮುರಿಯುತ್ತದೆ. ನನ್ನದು ಮೂರನೆಯ ವರ್ಷ ಬಾಗಿತು. ಚಕ್ರ ಬಿಚ್ಚಿ ಎಕ್ಸೆಲ್ ತುದಿಯನ್ನು ಎರಡು ಬೆರಳಲ್ಲಿ ತಿರುಗಿಸಿ ನೋಡು. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಅನಿಸಿದರೆ ಬಾಗಿದೆ ಅಂತ ಅರ್ಥ. ಗುಂಡಿ ಕಂಡಾಗ ಸೀಟಿನಿಂದ ಸ್ವಲ್ಪ ಎದ್ದು, ಮೈಭಾರ ಕಾಲಿನ ಮೇಲೆ ಬಿಡು. ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಮೇಲೆ ಗುಂಡು ತೊಳೆದು ಗ್ರೀಸ್ ತುಂಬಿಸಬೇಕು. ನಮ್ಮ ಕಾಲದ ಅಟ್ಲಾಸ್ ಸೈಕಲ್‌ಗೆ ಓವರಾಯಿಲಿಂಗ್ ಮಾಡುತ್ತಿದ್ದ ಹಳೆಯ ಮೇಸ್ತ್ರಿ ಯಾರಾದರೂ ಸಿಕ್ಕರೆ ಅವರ ಕೈಗೇ ಕೊಡು, ಈ ಕೆಲಸ ಅವರಿಗೆ ನೀರು ಕುಡಿದಷ್ಟು ಸಲೀಸು.

ಪಂಕ್ಚರ್ ಬಗ್ಗೆ ಅಕ್ಕನೂ ಗೊಣಗಿದಳು, ವಾರಕ್ಕೆರಡು ಸಲ ನಿನ್ನನ್ನು ಕರೆತರಲು ಆಟೋ ಕಳಿಸಬೇಕಂತೆ. ನನಗೂ ಮೊದಲ ವರ್ಷ ಹೀಗೇ ಆಯಿತು. ಒಂದೇ ವಾರದಲ್ಲಿ ಮೂರು ಸಲ, ಟ್ಯೂಬಿನಲ್ಲಿ ಹೆಚ್ಚುಕಡಿಮೆ ಅದೇ ಜಾಗದಲ್ಲಿ. ಹೊರಗಿನಿಂದ ಟೈರ್ ನೋಡಿದರೆ ಏನೂ ಕಾಣಲಿಲ್ಲ. ನಿಮ್ಮ ಅತ್ತೆ ದೇವರ ಬತ್ತಿಗೆ ಇಟ್ಟಿದ್ದ ಹತ್ತಿಯಲ್ಲಿ ಒಂದು ಉಂಡೆ ತೆಗೆದು ಟೈರಿನ ಒಳಮೈ ಸುತ್ತ ಮೆಲ್ಲಗೆ ಸವರಿದೆ. ಒಂದು ಕಡೆ ಹತ್ತಿಯ ಎಳೆ ಸಿಕ್ಕಿಕೊಂಡಿತು. ಬೆರಳಿಟ್ಟರೆ ಚುರುಕ್ ಅಂತು. ನೆಗ್ಗಿಲು ಮುಳ್ಳಿನ ತುದಿ, ಸಾಸಿವೆಗಿಂತ ಚಿಕ್ಕದು, ರಬ್ಬರಿನೊಳಗೇ ಮುರಿದು ಉಳಿದಿತ್ತು. ಉಗುರುಕತ್ತರಿಯಿಂದ ಹೊರಗೆಳೆದ ಮೇಲೆ ನಾಲ್ಕು ತಿಂಗಳು ಗಾಳಿ ಇಳಿಯಲಿಲ್ಲ. ಆ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನಿಲ್ಲುತ್ತದೆ. ಮಳೆ ನಿಂತು ಬಳ್ಳಿ ಒಣಗಿದ ಮೇಲೆ ರಸ್ತೆಯಂಚಿನ ಮಣ್ಣಿಗೆ ಚಕ್ರ ಇಳಿಸಲೇಬೇಡ. ಪಂಕ್ಚರ್ ಆದಾಗ ಟ್ಯೂಬ್ ಬದಲಿಸುವ ಮೊದಲು ಟೈರಿನ ಒಳಗೆ ಹತ್ತಿ ಆಡಿಸು.

ಗಾಳಿ ಕಡಿಮೆ ಇದ್ದರೂ ಟ್ಯೂಬ್ ಹೋಗುತ್ತದೆ. ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಸ್ಕೂಟರಿಗೆ ತುಂಬುವ 30 ಪೌಂಡ್ ನಿನ್ನ ತೆಳು ಟೈರಿಗೆ ಸಾಲದು. 28 ಮಿ.ಮೀ. ಅಗಲದ ಟೈರಿಗೆ ನಿನ್ನ ತೂಕದಲ್ಲಿ 80ರ ಹತ್ತಿರ ಬೇಕು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಮಿತಿ ದಾಟಬೇಡ. ನಿನ್ನದು ಸಣ್ಣ ಮೂತಿಯ ಪ್ರೆಸ್ಟಾ ವಾಲ್ವ್ ಆಗಿದ್ದರೆ ಹಳ್ಳಿಯ ಪಂಕ್ಚರ್ ಅಂಗಡಿಯ ಪೈಪು ಅದಕ್ಕೆ ಕೂರುವುದಿಲ್ಲ. ಕಡಲೆಕಾಳಿನಷ್ಟು ಹಿತ್ತಾಳೆ ಅಡಾಪ್ಟರ್ ಸಿಗುತ್ತದೆ, ಕೀ ಗೊಂಚಲಿಗೆ ಕಟ್ಟಿಕೊ. ಒಂದು ಟ್ಯೂಬು, ಎರಡು ಟೈರ್ ಲಿವರು, ಕೈಪಂಪು ಸೀಟಿನ ಕೆಳಗಿನ ಚೀಲದಲ್ಲಿ ಯಾವಾಗಲೂ ಇರಲಿ.

ಚೈನಿಗೆ ಹದಿನೈದು ದಿನಕ್ಕೊಮ್ಮೆ ಎಣ್ಣೆ ಬಿಡು, ಬಿಟ್ಟ ಮೇಲೆ ಬಟ್ಟೆಯಿಂದ ಒರೆಸು. ಒರೆಸದಿದ್ದರೆ ನಮ್ಮ ಸೀಮೆಯ ಧೂಳು ಆ ಎಣ್ಣೆಗೆ ಅಂಟಿ ಉಪ್ಪುಕಾಗದದ ಹಾಗೆ ತೇಯುತ್ತದೆ. ಸವೆತ ನೋಡಲು ಅಂಗಡಿಗೆ ಹೋಗಬೇಕಿಲ್ಲ. ಉಕ್ಕಿನ ಅಳತೆಪಟ್ಟಿಯ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಹಿಡಿ. ಹೊಸ ಚೈನಿನಲ್ಲಿ ಆ ಪಿನ್ನು ಬಿಟ್ಟು ಎಣಿಸಿದ ಇಪ್ಪತ್ತನಾಲ್ಕನೇ ಪಿನ್ನು ಸರಿಯಾಗಿ 12 ಇಂಚಿಗೆ ಬರುತ್ತದೆ. ಅದು ಇಂಚಿನ ಹದಿನಾರನೇ ಒಂದು ಪಾಲು ಮುಂದೆ ಸರಿದಿದ್ದರೆ ಚೈನು ಬದಲಿಸು. ಎಂಟನೇ ಒಂದು ಪಾಲಿನವರೆಗೆ ಬಿಟ್ಟರೆ ಹಲ್ಲುಗಳೂ ಹೋದ ಹಾಗೆ, ಖರ್ಚು ಎರಡು ಮೂರು ಪಟ್ಟಾಗುತ್ತದೆ.

ಸೀಟು ತಗ್ಗಿಸಿಕೊಂಡು ಓಡಿಸುತ್ತೀಯ, ಆಷಾಢದಲ್ಲೇ ಗಮನಿಸಿದೆ. ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟಾಗ ಕಾಲು ನೇರವಾಗಬೇಕು, ಅಷ್ಟು ಎತ್ತರಿಸು. ನಿನ್ನ ಮಂಡಿನೋವಿಗೆ ಅದೇ ಕಾರಣ ಇರಬಹುದು.

ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಹೆದ್ದಾರಿಯಲ್ಲಿ ಸರ್ವಿಸ್ ರಸ್ತೆ ಇರುವ ಕಡೆಯೆಲ್ಲ ಅದನ್ನೇ ಹಿಡಿ. ಹೆಲ್ಮೆಟ್ ಇಲ್ಲದೆ, ಹಿಂದೆ ಮಿನುಗುವ ಕೆಂಪು ದೀಪ ಇಲ್ಲದೆ ಮುಂಜಾನೆ ಹೊರಡಬೇಡ. ಇನ್ನು ಸ್ವಲ್ಪ ದಿನಕ್ಕೆ ನಿಮ್ಮ ಕಡೆಯ ಹಳ್ಳಿ ರಸ್ತೆಗಳ ಮೇಲೆ ಮೆಕ್ಕೆಜೋಳ ಹರವಿರುತ್ತಾರೆ. ಕಾಳಿನ ಮೇಲೆ ತೆಳು ಟೈರ್ ಹತ್ತಿದರೆ ಗೋಲಿಯ ಮೇಲೆ ಕಾಲಿಟ್ಟ ಹಾಗೆ ಜಾರುತ್ತದೆ. ಇಳಿದು ತಳ್ಳಿಕೊಂಡು ಹೋಗು. ಅದು ರೈತನ ವರ್ಷದ ಅನ್ನ, ಅದರ ಮೇಲೆ ಚಕ್ರ ಹಾಯಿಸಬಾರದು. ಹೋದ ಊರು ಮುಟ್ಟಿದ ಕೂಡಲೇ ಅಮ್ಮನಿಗೆ ಒಂದು ಫೋನ್ ಮಾಡು. ನೀನು ಹೊರಟ ದಿನ ಅವಳು ಕಾಫಿ ಕೂಡ ಕುಡಿಯದೆ ಕಾಯುತ್ತಾಳೆ, ನಿನಗೆ ಹೇಳುವುದಿಲ್ಲ ಅಷ್ಟೇ.

ಒಂದು ವರ್ಷ ಇದೇ ಸೈಕಲ್ ಓಡಿಸು. ಆಮೇಲೂ ಕಾರ್ಬನ್ ಬೇಕೆನಿಸಿದರೆ ಕಂತಿನ ಸಾಲ ಬೇಡ, ಅರ್ಧ ದುಡ್ಡು ನಾನು ಕೊಡುತ್ತೇನೆ, ಅರ್ಧ ನೀನು ಕೂಡಿಡು. ದಸರಾ ರಜೆಗೆ ಬಾ. ಸೈಕಲ್ಲಿನಲ್ಲೇ ಬರುವುದಾದರೆ ಬೆಳಗ್ಗೆ ಬೆಳಕು ಹರಿದ ಮೇಲೆ ಹೊರಡು, ಭರಮಸಾಗರದ ಹತ್ತಿರ ನಾನು ಎದುರುಗೊಳ್ಳುತ್ತೇನೆ. ಅಳತೆಪಟ್ಟಿ, ಗ್ರೀಸ್ ಡಬ್ಬಿ ತೆಗೆದಿಟ್ಟಿದ್ದೇನೆ, ನಿನ್ನ ಹಿಂಚಕ್ರ ಇಬ್ಬರೂ ಕೂತು ಬಿಚ್ಚೋಣ. ಅತ್ತೆ ನಿನಗಾಗಿ ಶೇಂಗಾ ಹೋಳಿಗೆ ಮಾಡುತ್ತೇನೆ ಅಂದಿದ್ದಾಳೆ.

ಇತಿ,
ನಿನ್ನ ಸೋದರಮಾವ