ನೀಲಿ ಬೆಳಕಿನ ಭಯ ಹುಟ್ಟಿಸಿ ಕ್ರೀಮು ಮಾರುವುದು ಸಲ್ಲದು

ಮಾನ್ಯ ಸಂಪಾದಕರೇ,

ಮೊಬೈಲಿನ ನೀಲಿ ಬೆಳಕಿನಿಂದ ಮುಖ ಕಪ್ಪಾಗುತ್ತದೆ, ಬಂಗು ಬರುತ್ತದೆ ಎಂದು ಹೆದರಿಸಿ ಮಾರುವ ಕ್ರೀಮುಗಳು ನಗರದ ಔಷಧ ಅಂಗಡಿಗಳಲ್ಲಿ ಹೆಚ್ಚುತ್ತಿವೆ. ಕಣ್ಣಿನಂತೆ ಚರ್ಮದಲ್ಲೂ ಬೆಳಕನ್ನು ಗ್ರಹಿಸುವ ಪ್ರೋಟೀನುಗಳಿವೆ ಎಂಬ ಸಂಶೋಧನೆಯನ್ನು ಇದಕ್ಕೆ ಸಮರ್ಥನೆಯಾಗಿ ಕೊಡುವವರಿದ್ದಾರೆ. ಸಂಶೋಧನೆ ನಿಜ, ಅದರಿಂದ ತೆಗೆದ ತೀರ್ಮಾನ ಮಾತ್ರ ಸರಿಯಲ್ಲ.

ಅಕ್ಷಿಪಟಲದಲ್ಲಿರುವ ರೊಡಾಪ್ಸಿನ್ ಎಂಬ ಪ್ರೋಟೀನು, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಿಸುವ ಚರ್ಮಕೋಶಗಳಲ್ಲೂ ಇದೆಯೆಂದು, ನೇರಳಾತೀತ ‘ಎ’ ಕಿರಣಗಳು ಬಿದ್ದಾಗ ಆ ಕೋಶಗಳೊಳಗೆ ಕ್ಯಾಲ್ಸಿಯಂ ಏರಿ ಒಂದು ಗಂಟೆಯೊಳಗೇ ಮೆಲನಿನ್ ಹೆಚ್ಚುತ್ತದೆಯೆಂದು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ತಂಡ 2011ರಲ್ಲಿ ತೋರಿಸಿತು. ನೀಲಿ ಬೆಳಕಿಗೆ ಚರ್ಮ ಕಪ್ಪಾಗುವುದರ ಹಿಂದೆ ಆಪ್ಸಿನ್-3 ಎಂಬ ಪ್ರೋಟೀನು ಇದೆಯೆಂದು ಫ್ರಾನ್ಸಿನ ವಿಜ್ಞಾನಿಗಳು 2018ರಲ್ಲಿ ವರದಿ ಮಾಡಿದರೆ, ಅದು ಬೆಳಕಿನ ಹಂಗಿಲ್ಲದೆಯೇ ಮೆಲನಿನ್ ಉತ್ಪಾದನೆಗೆ ಕಡಿವಾಣ ಹಾಕುತ್ತದೆಂದು ಬ್ರೌನ್ ತಂಡ ಮರುವರ್ಷವೇ ಹೇಳಿತು. ವಿಜ್ಞಾನಿಗಳೇ ಇನ್ನೂ ಚರ್ಚಿಸುತ್ತಿರುವ ವಿಷಯವನ್ನು ಮಾರಾಟದ ಸರಕಾಗಿಸುವುದು ಅನ್ಯಾಯ.

ಮುಖ್ಯವಾದದ್ದು ಬೆಳಕಿನ ಪ್ರಮಾಣ. ಬಿಸಿಲಿನಲ್ಲಿರುವ ನೀಲಿ ಬೆಳಕಿನ ಮುಂದೆ ಮೊಬೈಲ್ ಪರದೆಯದು ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಆದರೆ ಬಿಸಿಲಿನಲ್ಲಿರುವ, ನೀಲಿಯೂ ಸೇರಿದಂತೆ ಕಣ್ಣಿಗೆ ಕಾಣುವ ಬೆಳಕು ನಮ್ಮಂಥ ಕಂದು ಚರ್ಮವನ್ನು ಬಹುಕಾಲ ಉಳಿಯುವಂತೆ ಕಪ್ಪಾಗಿಸಬಲ್ಲದು. ತೀರ ಬಿಳಿ ಚರ್ಮದಲ್ಲಿ ಹೀಗಾಗುವುದಿಲ್ಲ. ಸಾಮಾನ್ಯ ಸನ್‌ಸ್ಕ್ರೀನ್ ಎಷ್ಟೇ ಎಸ್‌ಪಿಎಫ್ (ನೇರಳಾತೀತ ಕಿರಣದಿಂದ ಸಿಗುವ ರಕ್ಷಣೆಯ ಅಳತೆ) ಇದ್ದರೂ ಈ ಬೆಳಕನ್ನು ಅಷ್ಟಾಗಿ ತಡೆಯದು, ಅದಕ್ಕೆ ಐರನ್ ಆಕ್ಸೈಡ್ ಬೆರೆಸಿದ ಬಣ್ಣದ ಕ್ರೀಮು ಬೇಕು. ಮೊನ್ನೆ ಜಯನಗರದ ಅಂಗಡಿಯೊಂದರಲ್ಲಿ ನಾನು ನೋಡಿದ ಟ್ಯೂಬಿನ ಮುಂಭಾಗದಲ್ಲಿ ದೊಡ್ಡದಾಗಿ ಮೊಬೈಲಿನ ಚಿತ್ರವಿತ್ತು. ಹಿಂಬದಿಯ ಸಣ್ಣಕ್ಷರಗಳ ಪಟ್ಟಿಯನ್ನು ಕೊನೆಯವರೆಗೆ ಓದಿದರೂ ಐರನ್ ಆಕ್ಸೈಡಿನ ಹೆಸರಿರಲಿಲ್ಲ. ಬಂಗಿನಿಂದ ನೊಂದ ಹೆಣ್ಣುಮಕ್ಕಳು ಇಂಥದ್ದಕ್ಕೆ ದುಡ್ಡು ಸುರಿಯುತ್ತಿರುವುದು ಬೇಸರದ ಸಂಗತಿ.

ನೀಲಿ ಬೆಳಕನ್ನು ತಡೆಯುತ್ತೇವೆ ಎನ್ನುವ ತಯಾರಕರಿಂದ ಔಷಧ ನಿಯಂತ್ರಣ ಅಧಿಕಾರಿಗಳು ಪುರಾವೆ ಕೇಳಬೇಕು. ಹಾಗೆಯೇ, ಬೆಳಗಿನಿಂದ ರಸ್ತೆಯಲ್ಲೇ ಇರುವ ಪೌರಕಾರ್ಮಿಕರಿಗೂ ಸಂಚಾರ ಪೊಲೀಸರಿಗೂ ಅಗಲ ಅಂಚಿನ ಟೋಪಿ, ಪೂರ್ಣ ತೋಳಿನ ಒತ್ತು ನೇಯ್ಗೆಯ ಹತ್ತಿ ಅಂಗಿಗಳನ್ನು ಸರ್ಕಾರ ಒದಗಿಸಲಿ. ನೇರಳಾತೀತ ಕಿರಣವನ್ನೂ ಕಾಣುವ ಬೆಳಕನ್ನೂ ಒಟ್ಟಿಗೆ ತಡೆಯಲು ಅವರಿಗೆ ಇದಕ್ಕಿಂತ ಅಗ್ಗದ, ಖಚಿತವಾದ ದಾರಿಯಿಲ್ಲ.

– ಜೀವಶಾಸ್ತ್ರ ಉಪನ್ಯಾಸಕಿ, ಬೆಂಗಳೂರು