ಗುಲುವಿಗೆ ಹೊರಟ ಮಗಳಿಗೊಂದು ಪತ್ರ

ಪೆರ್ಲ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಉಗಾಂಡದ ಗುಲುವಿನ ಆಸ್ಪತ್ರೆಯಲ್ಲಿ ಸಂಬಳವಿಲ್ಲದೆ ನರ್ಸಾಗಿ ದುಡಿಯಲು ಹೊರಟಿದ್ದೇನೆಂದು ನೀನು ಫೋನಿನಲ್ಲಿ ತಿಳಿಸಿದಾಗ ನಾನು ಹೆಚ್ಚೇನೂ ಮಾತನಾಡಲಿಲ್ಲ. ಬೇಸರದಿಂದಲ್ಲ, ಹೇಳಬೇಕಾದದ್ದನ್ನು ಸಾವಧಾನವಾಗಿ ಬರೆಯೋಣವೆಂದು ಸುಮ್ಮನಿದ್ದೆ.

ನಮ್ಮ ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುವುದು 2000ದಲ್ಲಿ ನಿಂತಿತು. ಆ ಬಳಿಕ, ಅದರಿಂದ ಕಾಯಿಲೆಬಿದ್ದವರನ್ನು ಪರೀಕ್ಷಿಸಲೆಂದು ಪಡ್ರೆ, ಸ್ವರ್ಗ ಎಂಬ ಊರುಗಳ ಕಡೆಯ ಮನೆಗಳಿಗೆ ಬಂದುಹೋದ ತಂಡಗಳಿಗೆ ಲೆಕ್ಕವಿಲ್ಲ. ಒಂದು ತಂಡ ಮಗುವಿನ ತಲೆಯ ಸುತ್ತಳತೆ ತೆಗೆದು, ರಕ್ತ ಹೀರಿ, ಫೋಟೊ ಹೊಡೆದು ಹೋದರೆ, ಮುಂದಿನ ತಂಡ ಅವೇ ಪ್ರಶ್ನೆಗಳನ್ನು ಮೊದಲಿನಿಂದ ಕೇಳುತ್ತಿತ್ತು. ನಮ್ಮ ಪರಿಚಯದ ತಾಯಿಯೊಬ್ಬರು ಎಲ್ಲ ಚೀಟಿಗಳನ್ನೂ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಮಾಡಿಗೆ ಸಿಕ್ಕಿಸಿಟ್ಟಿದ್ದು, ಜೀಪಿನ ಸದ್ದು ಕೇಳಿದೊಡನೆ ಅವನ್ನು ಜಗಲಿಯಲ್ಲಿ ಹರಡಿ ಕುಳಿತಿರುತ್ತಿದ್ದರು. ಪರೀಕ್ಷೆಯಲ್ಲಿ ಏನು ಕಂಡಿತೆಂದು ತಿರುಗಿ ಬಂದು ಹೇಳಿದವರು ಕಡಿಮೆ. ಬಂದವರೆಲ್ಲ ಕೆಟ್ಟವರೆನ್ನಲಾರೆ, ಹಾಗೆ ಬಂದು ಬರೆದವರಿಂದ ನಮ್ಮ ಸಂಕಟ ಹೊರಗೆ ತಿಳಿಯಿತು, 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲ ತಡೆಯಿತು. ಆದರೂ ರೋಗಿಯ ಅಂಗಳಕ್ಕೆ ಹೊರಗಿನವರು ಕಾಲಿಟ್ಟರೆ ಮನೆಯವರ ಮುಖ ಹೇಗಾಗುತ್ತದೆಂದು ನೀನು ನೋಡಿದ್ದೀ. ಫೋಟೊ ತೆಗೆಯುವ ಮುನ್ನ ಅದನ್ನು ನೆನೆದುಕೊ. ತೆಗೆಯದಿದ್ದರೆ ಇನ್ನೂ ಒಳ್ಳೆಯದು.

ಗುಲುವಿನವರು ಯಾರೋ ಬಂದು ಉದ್ಧರಿಸಲೆಂದು ಕೈಕಟ್ಟಿ ಕುಳಿತವರಲ್ಲ. 2000ದ ಅಕ್ಟೋಬರಿನಲ್ಲಿ ಅಲ್ಲಿ ಎಬೋಲಾ ಹಬ್ಬಿದಾಗ, ಕಂಪಾಲಾದಲ್ಲಿ ಓದುತ್ತಿದ್ದ ಲಾಚೋರ್ ಆಸ್ಪತ್ರೆಯ ವೈದ್ಯ ಮ್ಯಾಥ್ಯೂ ಲುಕ್ವಿಯಾ ಕರೆ ಬಂದೊಡನೆ ಮರಳಿ, ರೋಗಿಗಳ ದಾಖಲೆಗಳನ್ನು ಓದಿಯೇ ರೋಗವನ್ನು ಊಹಿಸಿ, ಅವರನ್ನು ಬೇರೆ ವಾರ್ಡಿನಲ್ಲಿರಿಸಿ ಆರೈಕೆಗೆ ನಿಂತರು. ಡಿಸೆಂಬರಿನಲ್ಲಿ ಅದೇ ರೋಗ ಅವರನ್ನೂ ಒಯ್ದಿತು. ನರ್ಸುಗಳಲ್ಲೂ ಹಲವರು ಉಳಿಯಲಿಲ್ಲ. ಅಂಥ ಊರಿಗೆ ಹೋಗಿ, ‘ಮಂಗಳೂರಿನಲ್ಲಿ ನಾವು ಹೀಗೆ ಮಾಡುತ್ತೇವೆ’ ಎಂಬ ಮಾತನ್ನು ಮೊದಲ ತಿಂಗಳು ಬಾಯಿಗೆ ತರಬೇಡ. ಹಿರಿಯ ನರ್ಸುಗಳ ಹಿಂದೆ ನಡೆದು ಕಲಿ. ಅಲ್ಲಿನವರ ಅಚೋಲಿ ಭಾಷೆಯಲ್ಲಿ ಎಲ್ಲಿ ನೋವು, ಯಾವಾಗಿನಿಂದ ಎಂದು ಕೇಳುವಷ್ಟಾದರೂ ಕಲಿತುಕೊ. ಡಾಕ್ಟರು ಮಲಯಾಳದಲ್ಲಿ ಹೇಳಿದ್ದು ತಿಳಿಯದೆ ನಿನ್ನ ಅಜ್ಜಿ ಎಲ್ಲದಕ್ಕೂ ತಲೆಯಾಡಿಸಿ ಬರುತ್ತಿದ್ದದ್ದು ನಿನಗೆ ಗೊತ್ತಲ್ಲ. ಕೇಸ್ ಶೀಟಿನಲ್ಲಿ ನೀನು ಬರೆದದ್ದನ್ನು ನಿನ್ನ ಬಳಿಕ ಬರುವವರು ಓದುವಂತಿರಲಿ, ಮತ್ತು ನೀನು ಹೊರಡುವಾಗ ಯಾವ ಕೆಲಸವನ್ನು ಯಾರಿಗೆ ವಹಿಸಬೇಕೆಂದು ಆರಂಭದಲ್ಲೇ ವಿಚಾರಿಸಿಕೊ.

ಇನ್ನು, ನರ್ಸಿಗೆ ಅಪ್ಪ ಮದ್ದಿನ ಪಾಠ ಹೇಳುವುದು ತಮಾಷೆಯೇ ಸರಿ, ಆದರೂ ಬರೆಯುತ್ತೇನೆ. ಹಳದಿ ಜ್ವರದ ಲಸಿಕೆಯ ಕಾರ್ಡು ಚುಚ್ಚಿಸಿಕೊಂಡ 10 ದಿನಗಳ ಬಳಿಕವೇ ಊರ್ಜಿತವಾಗುವುದರಿಂದ ಅದನ್ನು ಕೊನೆಯ ಗಳಿಗೆಗೆ ಬಿಡಬೇಡ. ಮರಳುವಾಗ ನಮ್ಮ ವಿಮಾನ ನಿಲ್ದಾಣದಲ್ಲೂ ಕೇಳುತ್ತಾರೆ, ಪಾಸ್‌ಪೋರ್ಟಿನ ಜೊತೆಗಿರಲಿ. ಮಲೇರಿಯಾಕ್ಕೆಂದು ಡಾಕ್ಸಿಸೈಕ್ಲಿನ್ ಕೊಟ್ಟಿದ್ದರೆ ಊರಿಗೆ ಬಂದ ಮೇಲೂ 4 ವಾರ ನುಂಗಬೇಕು. ಸೊಳ್ಳೆಪರದೆಯನ್ನು ಅಮ್ಮ ಆಗಲೇ ಒಗೆದು ಮಡಚಿಟ್ಟಿದ್ದಾಳೆ, ಶನಿವಾರ ಬಂದಾಗ ಒಯ್ಯಿ.

ಇಂತು,
ನಿನ್ನ ಅಪ್ಪ